ಪಟ್ಟಿಯಲ್ಲಿ ಎಂಟನೇ ಹೆಸರು: ಚೀನಾ ರಾಜಕೀಯವನ್ನು ಓದುವ ಕಸುಬು

1966ರ ಆಗಸ್ಟ್ 18ರಂದು ಬೀಜಿಂಗಿನ ತಿಯಾನನ್‌ಮೆನ್ ಚೌಕದಲ್ಲಿ ಸುಮಾರು ಹತ್ತು ಲಕ್ಷ ಜನ ಸೇರಿದ್ದರು. ಸೈನಿಕ ಉಡುಪು ತೊಟ್ಟ ಮಾವೋ, ರೆಡ್ ಗಾರ್ಡ್ ಎಂಬ ತಮ್ಮ ಬೆಂಬಲಿಗ ವಿದ್ಯಾರ್ಥಿ ಪಡೆಯ ಹುಡುಗ ಹುಡುಗಿಯರತ್ತ ಕೈಬೀಸಿದರು. ಬಳಿಕ ಪತ್ರಿಕೆಗಳಲ್ಲಿ ವೇದಿಕೆ ಮೇಲಿದ್ದ ನಾಯಕರ ಹೆಸರುಗಳು ಸಾಲಾಗಿ ಅಚ್ಚಾದವು. ಮಾವೋ ನಂತರ ಎರಡನೆಯದಾಗಿ ಬರುತ್ತಿದ್ದ ದೇಶದ ಅಧ್ಯಕ್ಷ ಲಿಯು ಶಾವೋಚಿ ಅವರ ಹೆಸರು ಈ ಸಲ ಎಂಟನೆಯದು. ಎರಡನೇ ಜಾಗದಲ್ಲಿ ರಕ್ಷಣಾ ಸಚಿವ ಲಿನ್ ಬಿಯಾವೊ. ಲಿಯು ಮೇಲೆ ಆರೋಪವಿಲ್ಲ, ರಾಜೀನಾಮೆಯ ಸುದ್ದಿಯಿಲ್ಲ, ಟೀಕೆಯ ಒಂದು ಸಾಲೂ ಇಲ್ಲ. ಬದಲಾದದ್ದು ಹೆಸರಿನ ಕ್ರಮ ಮಾತ್ರ. ಹೊರಗೆ ಕೂತು ಚೀನಾವನ್ನು ಓದುತ್ತಿದ್ದವರಿಗೆ ಅಷ್ಟು ಸಾಕಾಯಿತು. ಮೂರು ವರ್ಷಗಳ ನಂತರ, 1969ರ ನವೆಂಬರಿನಲ್ಲಿ, ಲಿಯು ಕೈಫೆಂಗ್ ಊರಿನಲ್ಲಿ ಬಂಧಿಯಾಗಿ ಸತ್ತರು. ಆ ಸಾವನ್ನು ಚೀನಾ ಸುಮಾರು ಹತ್ತು ವರ್ಷ ಗುಟ್ಟಾಗಿಟ್ಟಿತು.

ಆಧುನಿಕ ಚೀನಾದ ರಾಜಕೀಯವನ್ನು ಅಧ್ಯಯನ ಮಾಡುವವರ ಕಸುಬು ಎಂದರೆ ಇದು. ಮತ ಎಣಿಕೆಯಿಲ್ಲ, ಸಂಸತ್ತಿನ ಗದ್ದಲವಿಲ್ಲ, ಸಚಿವರು ಪತ್ರಕರ್ತರ ಕಿವಿಯಲ್ಲಿ ಉಸುರುವುದಿಲ್ಲ. ಕೈಗೆ ಸಿಗುವುದು ಕಾಗದ, ಅದೂ ಯಾರೋ ಹತ್ತು ಸಲ ತಿದ್ದಿ ಹೊರಗೆ ಬಿಟ್ಟ ಕಾಗದ. ಅದರಿಂದ ಒಳಗೇನಾಯಿತು ಎಂದು ಹೇಗೆ ತಿಳಿಯುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ನೋಡಲು ಬ್ರಿಟಿಷ್ ಚೀನಾ ತಜ್ಞ ರೊಡೆರಿಕ್ ಮ್ಯಾಕ್‌ಫಾರ್ಕರ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕಾರಣ ಸರಳ. ಅವರು ಒಂದೇ ಪ್ರಶ್ನೆಯನ್ನು ಜೀವನಪೂರ್ತಿ ಹಿಡಿದು ಕೂತರು. ಪ್ರತಿ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಅವರ ಮೇಜಿನ ಮೇಲಿನ ಕಾಗದದ ಜಾತಿಯೇ ಬದಲಾಯಿತು, ಜೊತೆಗೆ ಉತ್ತರವೂ ಬದಲಾಯಿತು.

ಮ್ಯಾಕ್‌ಫಾರ್ಕರ್ ಹುಟ್ಟಿದ್ದು 1930ರ ಡಿಸೆಂಬರ್ 2ರಂದು, ಅವಿಭಜಿತ ಭಾರತದ ಲಾಹೋರಿನಲ್ಲಿ. ತಂದೆ ಐಸಿಎಸ್ ಅಧಿಕಾರಿ. ಸ್ಕಾಟ್ಲೆಂಡಿನಲ್ಲಿ ಶಾಲೆ, ಆಕ್ಸ್‌ಫರ್ಡಿನಲ್ಲಿ ರಾಜಕೀಯ, ತತ್ವಶಾಸ್ತ್ರ, ಅರ್ಥಶಾಸ್ತ್ರದ ಪದವಿ, ಆಮೇಲೆ ಹಾರ್ವರ್ಡಿನಲ್ಲಿ ಚೀನಾ ಇತಿಹಾಸಕಾರ ಜಾನ್ ಕಿಂಗ್ ಫೇರ್‌ಬ್ಯಾಂಕ್ ಕೈಕೆಳಗೆ ಪೂರ್ವ ಏಷ್ಯಾ ಅಧ್ಯಯನದಲ್ಲಿ ಎಂ.ಎ. 1955ರಲ್ಲಿ ಓದು ಮುಗಿದಾಗ ಹಿಡಿದದ್ದು ಪ್ರಾಧ್ಯಾಪಕನ ಕೆಲಸವನ್ನಲ್ಲ. ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ ಚೀನಾ ಬಗ್ಗೆ ಬರೆಯುವ ಪತ್ರಕರ್ತರಾದರು, ಮುಂದೆ ಬಿಬಿಸಿ ಟಿವಿಯಲ್ಲೂ ದುಡಿದರು. ಪಿಎಚ್‌ಡಿ ಕೈಗೆ ಬಂದದ್ದು 1981ರಲ್ಲಿ, ಐವತ್ತು ದಾಟಿದ ಮೇಲೆ! ಅಷ್ಟರಲ್ಲಿ ಅವರ ಮುಖ್ಯ ಕೃತಿಯ ಮೊದಲ ಸಂಪುಟ ಹೊರಬಂದು ಏಳು ವರ್ಷವಾಗಿತ್ತು. ಇವತ್ತಿನ ವಿಶ್ವವಿದ್ಯಾಲಯಗಳ ಲೆಕ್ಕದಲ್ಲಿ ಇಂಥ ಅರ್ಜಿ ಮೊದಲ ಸುತ್ತಿನಲ್ಲೇ ಕಸದಬುಟ್ಟಿ ಸೇರುತ್ತಿತ್ತು.

1960ರ ಜನವರಿಯಲ್ಲಿ ‘ದಿ ಚೈನಾ ಕ್ವಾರ್ಟರ್ಲಿ’ ಎಂಬ ತ್ರೈಮಾಸಿಕದ ಮೊದಲ ಸಂಚಿಕೆ ಬಂತು. ಮ್ಯಾಕ್‌ಫಾರ್ಕರ್ ಸ್ಥಾಪಕ ಸಂಪಾದಕರು, ವಯಸ್ಸು 29. ಕಮ್ಯುನಿಸ್ಟ್ ಚೀನಾದ ಅಧ್ಯಯನ ಒಂದು ಶಿಸ್ತಾಗಿ ನೆಲೆಯೂರಿದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು. ಇಲ್ಲೊಂದು ಮುಜುಗರದ ಸಂಗತಿಯೂ ಇದೆ. ಪತ್ರಿಕೆಗೆ ಹಣ ಕೊಡುತ್ತಿದ್ದ ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ ಸಂಸ್ಥೆಯ ಬೆನ್ನ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇದ್ದದ್ದು 1966–67ರ ಹೊತ್ತಿಗೆ ಬಯಲಾಯಿತು. 1968ರಲ್ಲಿ ಪತ್ರಿಕೆ ಲಂಡನ್ ವಿಶ್ವವಿದ್ಯಾಲಯದ ಸೋಆಸ್‌ಗೆ ಹೋಯಿತು, ಮ್ಯಾಕ್‌ಫಾರ್ಕರ್ ಸಂಪಾದಕತ್ವ ಬಿಟ್ಟರು. ಪತ್ರಿಕೆಯಲ್ಲಿ ಅಚ್ಚಾದ ಲೇಖನಗಳ ಗುಣಮಟ್ಟದ ಬಗ್ಗೆ ತಕರಾರು ಕಡಿಮೆ. ಆದರೆ ಶೀತಲ ಸಮರದ ಕಾಲದ ಚೀನಾ ಅಧ್ಯಯನವನ್ನು ಓದುವಾಗ ಹಣ ಎಲ್ಲಿಂದ ಬಂತು ಎಂದು ಕೇಳುವುದು ಅಂದಿನಿಂದ ಅಭ್ಯಾಸವಾಯಿತು. ಒಳ್ಳೆಯ ಅಭ್ಯಾಸವೇ.

ಮೇಜಿನ ಮೇಲೆ ಏನಿರುತ್ತಿತ್ತು

ಆ ಕಾಲದಲ್ಲಿ ಚೀನಾ ತಜ್ಞರ ರಾಜಧಾನಿ ಹಾಂಗ್‌ಕಾಂಗ್. ಅಲ್ಲಿನ ಅಮೆರಿಕನ್ ಕಾನ್ಸುಲೇಟ್ ಚೀನೀ ಪತ್ರಿಕೆಗಳ ಅನುವಾದವನ್ನು ಕಂತೆ ಕಂತೆಯಾಗಿ ಹೊರತರುತ್ತಿತ್ತು. ಇಂಗ್ಲೆಂಡಿನ ಕ್ಯಾವರ್ಷಂನಲ್ಲಿ ಬಿಬಿಸಿಯವರು ಕೂತು ಚೀನಾದ ರೇಡಿಯೊ ಕೇಳಿ ಬರೆದುಕೊಳ್ಳುತ್ತಿದ್ದರು. ಪ್ರಾಂತೀಯ ಪತ್ರಿಕೆಗಳನ್ನು ದೇಶದಾಚೆ ಕಳಿಸುವಂತಿರಲಿಲ್ಲವಾದ್ದರಿಂದ ಪ್ರಾಂತೀಯ ರೇಡಿಯೊಗೆ ಬೆಲೆ ಹೆಚ್ಚು. ಬೀಜಿಂಗ್ ಮುಚ್ಚಿಟ್ಟದ್ದನ್ನು ದೂರದ ಪ್ರಾಂತದ ನಿಲಯ ಬಾಯಿತಪ್ಪಿ ಹೇಳಿಬಿಡುವುದುಂಟು. ಮೂರನೆಯದು, ಗಡಿ ದಾಟಿ ಬಂದ ನಿರಾಶ್ರಿತರ ಸಂದರ್ಶನ. 1963ರಲ್ಲಿ ಹಾಂಗ್‌ಕಾಂಗಿನಲ್ಲಿ ಶುರುವಾದ ಯೂನಿವರ್ಸಿಟೀಸ್ ಸರ್ವಿಸ್ ಸೆಂಟರ್ ಸಂಶೋಧಕರಿಗೆ ಇಂಥ ಸಂದರ್ಶನ ನಡೆಸಲು ಕೋಣೆ ಒದಗಿಸುತ್ತಿತ್ತು. ಬಂದವರಲ್ಲಿ ಹೆಚ್ಚಿನವರು ಪಕ್ಕದ ಗ್ವಾಂಗ್‌ಡಾಂಗ್ ಪ್ರಾಂತದವರು. ಹೀಗಾಗಿ ಆ ಕಾಲದ ‘ಚೀನಾದ ಹಳ್ಳಿ’ ಎಂಬ ವರ್ಣನೆ ಎಷ್ಟೋ ಸಲ ಗ್ವಾಂಗ್‌ಡಾಂಗಿನ ಹಳ್ಳಿಯ ವರ್ಣನೆ. ಉತ್ತರದ ಗೋಧಿ ಸೀಮೆಗೆ ಅದನ್ನು ಹಾಗೇ ಹೊಂದಿಸಲು ಹೋದರೆ ತಪ್ಪುತ್ತದೆ.

ಎಲ್ಲಕ್ಕಿಂತ ಮೇಲೆ ಕಮ್ಯುನಿಸ್ಟ್ ಪಕ್ಷದ ಮುಖವಾಣಿ ‘ಪೀಪಲ್ಸ್ ಡೈಲಿ’. ಅದನ್ನು ಸುದ್ದಿಗಾಗಿ ಓದಿದರೆ ಏನೂ ಸಿಗದು. ಓದುವುದು ಮೂರು ಸಂಗತಿಗಳಿಗೆ: ಯಾವ ಪುಟ, ಯಾವ ಪದ, ಯಾವ ಮೌನ.

ಪುಟದ್ದೇ ಒಂದು ಉದಾಹರಣೆ. 1965ರ ನವೆಂಬರ್ 10ರಂದು ಶಾಂಘೈನ ಪತ್ರಿಕೆಯೊಂದರಲ್ಲಿ ಯಾವೊ ವೆನ್‌ಯುವಾನ್ ಎಂಬ ವಿಮರ್ಶಕರ ದೊಡ್ಡ ಲೇಖನ ಬಂತು. ಇತಿಹಾಸಕಾರ ವು ಹಾನ್ ಬರೆದಿದ್ದ, ಮಿಂಗ್ ಕಾಲದ ಪ್ರಾಮಾಣಿಕ ಅಧಿಕಾರಿ ಹಾಯ್ ರುಯಿ ಕುರಿತ ನಾಟಕದ ಖಂಡನೆ. ವು ಹಾನ್ ಬೀಜಿಂಗಿನ ಉಪಮೇಯರ್ ಕೂಡ. ಮೇಯರ್ ಪೆಂಗ್ ಜೆನ್ ಪಕ್ಷದ ಉನ್ನತ ನಾಯಕ ಮಂಡಳಿಯಾದ ಪಾಲಿಟ್‌ಬ್ಯುರೊದ ಸದಸ್ಯ. ಬೀಜಿಂಗಿನ ಪತ್ರಿಕೆಗಳು ಎರಡು ವಾರಕ್ಕೂ ಹೆಚ್ಚು ಕಾಲ ಈ ಲೇಖನವನ್ನು ಮುಟ್ಟಲಿಲ್ಲ. ನವೆಂಬರ್ 29ರಂದು ಸೈನ್ಯದ ಪತ್ರಿಕೆ ಅದನ್ನು ಮರುಮುದ್ರಿಸಿ, ನಾಟಕವನ್ನು ‘ವಿಷದ ಕಳೆ’ ಎಂದಿತು. ಮರುದಿನ ಪೀಪಲ್ಸ್ ಡೈಲಿಯೂ ಹಾಕಿತು. ಹಾಕಿದ್ದು ಮುಖಪುಟದಲ್ಲಲ್ಲ, ಒಳಗಿನ ವಿದ್ವತ್ ಚರ್ಚೆಯ ಅಂಕಣದಲ್ಲಿ. ಒಂದೇ ಲೇಖನ, ಎರಡು ಪತ್ರಿಕೆ. ಒಂದಕ್ಕೆ ಅದು ರಾಜಕೀಯ ಅಪರಾಧ, ಇನ್ನೊಂದಕ್ಕೆ ಪಂಡಿತರ ವಾದ. ಅಂದರೆ ಮೇಲೆ ಎರಡು ಬಣಗಳಿವೆ, ಇನ್ನೂ ಯಾರೂ ಗೆದ್ದಿಲ್ಲ. ಆರು ತಿಂಗಳಲ್ಲಿ ಪೆಂಗ್ ಜೆನ್ ಪದಚ್ಯುತರಾದರು, ಪಕ್ಷದೊಳಗಿನ ‘ಶತ್ರು’ಗಳನ್ನು ಕಿತ್ತೊಗೆಯಲು ಮಾವೋ ಹೂಡಿದ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಇಷ್ಟನ್ನು ಈಗ ಹೇಳುವುದು ಸುಲಭ. 1965ರ ಡಿಸೆಂಬರಿನಲ್ಲಿ ಇದನ್ನು ಹೀಗೆ ಓದಿದವರು ಬೆರಳೆಣಿಕೆಯಷ್ಟು.

ಪದದ ವಿಷಯಕ್ಕೆ ಬಂದರೆ, ಚೀನೀ ರಾಜಕೀಯದಲ್ಲಿ ‘ತಿಫಾ’ ಎಂಬುದೊಂದಿದೆ: ಇಂಥ ವಿಷಯವನ್ನು ಇಂಥದೇ ಮಾತಿನಲ್ಲಿ ಹೇಳಬೇಕು ಎಂದು ಪಕ್ಷ ಕಟ್ಟಿಕೊಟ್ಟ ಸಿದ್ಧ ನುಡಿಗಟ್ಟು. ನಮ್ಮ ಮಂತ್ರದಂತೆ, ಅಕ್ಷರ ಬಿಡುವಂತಿಲ್ಲ, ಸೇರಿಸುವಂತಿಲ್ಲ. ಅದಕ್ಕೇ ಒಂದು ಪದ ಬಿದ್ದುಹೋದರೆ ಅದು ಅಚ್ಚಿನ ದೋಷವಲ್ಲ. 1945ರಲ್ಲಿ ಪಕ್ಷದ ಸಂವಿಧಾನಕ್ಕೆ ‘ಮಾವೋ ಜೆಡಾಂಗ್ ಚಿಂತನೆ’ ಸೇರಿತ್ತು. 1956ರ ಎಂಟನೇ ಮಹಾಧಿವೇಶನದಲ್ಲಿ ಹೊರಬಿತ್ತು. 1969ರ ಒಂಬತ್ತನೆಯದರಲ್ಲಿ ಮರಳಿ ಬಂತು. 1956ರ ಫೆಬ್ರುವರಿಯಲ್ಲಿ ಮಾಸ್ಕೋದಲ್ಲಿ ಕ್ರುಶ್ಚೇವ್ ಸ್ಟಾಲಿನ್ನನ ವ್ಯಕ್ತಿಪೂಜೆಯನ್ನು ಬಯಲಿಗೆಳೆದ ಬೆನ್ನಿಗೇ ಆ ಪದ ಹೊರಬಿದ್ದದ್ದು ಏನನ್ನು ಹೇಳುತ್ತದೆ? ಮ್ಯಾಕ್‌ಫಾರ್ಕರ್ ಅವರ ಮೊದಲ ಸಂಪುಟ ಬೆಳೆದದ್ದು ಇಂಥ ಪ್ರಶ್ನೆಗಳಿಂದ.

ಹೊಸಬರು ಎಡವುವ ಜಾಗವನ್ನೂ ಇಲ್ಲೇ ಹೇಳಬೇಕು. ಹೆಸರಿನ ಪಟ್ಟಿಯೆಲ್ಲ ಸ್ಥಾನಮಾನದ ಪಟ್ಟಿಯಲ್ಲ. ಎಷ್ಟೋ ಪಟ್ಟಿಗಳ ತಲೆಯ ಮೇಲೆ ‘ಮನೆತನದ ಹೆಸರಿನ ಗೆರೆಗಳ ಸಂಖ್ಯೆಯ ಕ್ರಮದಲ್ಲಿ’ ಎಂದು ಬರೆದಿರುತ್ತದೆ. ಚೀನೀ ಲಿಪಿಯಲ್ಲಿ ಒಂದು ಅಕ್ಷರ ಬರೆಯಲು ಎಷ್ಟು ಗೆರೆ ಎಳೆಯಬೇಕೋ ಆ ಎಣಿಕೆಯಂತೆ ಜೋಡಣೆ. ನಮ್ಮ ಅಕಾರಾದಿ ಇದ್ದ ಹಾಗೆ. ಪಾಲಿಟ್‌ಬ್ಯುರೊದ ಪೂರ್ಣ ಪಟ್ಟಿ ಈಗ ಹೀಗೆ ಗೆರೆ ಎಣಿಸಿ ಬರುತ್ತದೆ, ಅದರೊಳಗಿನ ಸ್ಥಾಯಿ ಸಮಿತಿಯ ಏಳು ಹೆಸರು ಮಾತ್ರ ದರ್ಜೆಯ ಕ್ರಮದಲ್ಲಿ. ತಲೆಬರಹ ಓದದೆ ‘ಫಲಾನೆಯವರು ಕೆಳಗಿಳಿದರು’ ಎಂದು ಬರೆದವರ ಗತಿ ಊಹಿಸಿಕೊಳ್ಳಿ.

ಫೋಟೊ ಕೂಡ ದಾಖಲೆಯೇ. 1976ರ ಸೆಪ್ಟೆಂಬರಿನಲ್ಲಿ ಮಾವೋ ಶೋಕಸಭೆಯ ಸಾಲಿನಲ್ಲಿ ನಿಂತಿದ್ದ ನಾಲ್ವರು, ಅಂದರೆ ಮಾವೋ ಪತ್ನಿ ಜಿಯಾಂಗ್ ಚಿಂಗ್ ಸೇರಿದ ‘ನಾಲ್ವರ ಕೂಟ’, ಅಕ್ಟೋಬರ್ 6ರಂದು ಬಂಧಿತರಾದರು. ನಂತರ ಹೊರಬಂದ ಸಚಿತ್ರ ಪತ್ರಿಕೆಗಳಲ್ಲಿ ಅದೇ ಸಾಲು, ಅದೇ ಜನ, ನಡುವೆ ನಾಲ್ವರು ನಿಂತಿದ್ದ ಕಡೆ ಖಾಲಿ ಜಾಗ. ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕದೆ ಜೋಪಾನ ಮಾಡುವ ಗ್ರಂಥಪಾಲಕರಿಲ್ಲದೆ ಈ ಶಾಸ್ತ್ರವೇ ಇಲ್ಲ.

ಒಂದು ಭಾಷಣ, ಎರಡು ಪಾಠ

ಈ ಕಸುಬಿನ ಒಳಗನ್ನು ಹತ್ತಿರದಿಂದ ನೋಡಲು ಮಾವೋ ಅವರ ಒಂದೇ ಭಾಷಣ ಸಾಕು. 1957ರ ಫೆಬ್ರುವರಿ 27ರಂದು ಸರ್ವೋಚ್ಚ ರಾಜ್ಯ ಸಮ್ಮೇಳನದಲ್ಲಿ ಅವರು ‘ಜನರ ನಡುವಿನ ವೈರುಧ್ಯ’ಗಳ ಬಗ್ಗೆ ಸುಮಾರು ನಾಲ್ಕು ತಾಸು ಮಾತಾಡಿದರು. ಬುದ್ಧಿಜೀವಿಗಳು ಪಕ್ಷವನ್ನು ಟೀಕಿಸಬಹುದು, ನೂರು ಹೂ ಅರಳಲಿ ಎಂಬ ಧಾಟಿ. ಪೀಪಲ್ಸ್ ಡೈಲಿ ವಾರಗಟ್ಟಲೆ ಆ ಭಾಷಣದ ತಂಟೆಗೇ ಹೋಗಲಿಲ್ಲ. ಏಪ್ರಿಲ್ 10ರಂದು ಮಾವೋ ಸಂಪಾದಕ ಡೆಂಗ್ ಟುವೊ ಅವರನ್ನು ಕರೆಸಿ, ನೀವು ಪತ್ರಿಕೆಯನ್ನು ಸತ್ತವರಂತೆ ನಡೆಸುತ್ತಿದ್ದೀರಿ ಎಂಬರ್ಥದಲ್ಲಿ ಬೈದರು. ಮೇ ತಿಂಗಳಲ್ಲಿ ಟೀಕೆ ಭೋರ್ಗರೆಯಿತು. ಜೂನ್ 8ರಂದು ಗಾಳಿ ತಿರುಗಿತು, ‘ಬಲಪಂಥೀಯರ ವಿರುದ್ಧ’ ಆಂದೋಲನ ಹೊರಟಿತು. ಬಾಯಿಬಿಟ್ಟ ತಪ್ಪಿಗೆ ಐದೂವರೆ ಲಕ್ಷಕ್ಕೂ ಹೆಚ್ಚು ಜನರ ಹಣೆಗೆ ‘ಬಲಪಂಥೀಯ’ ಎಂಬ ಪಟ್ಟ ಬಿತ್ತು.

ಆ ಭಾಷಣ ಅಧಿಕೃತವಾಗಿ ಅಚ್ಚಾದದ್ದು ಜೂನ್ 19ರಂದು, ಅಂದರೆ ಗಾಳಿ ತಿರುಗಿದ ಮೇಲೆ. ಅದರಲ್ಲಿ ಸುವಾಸನೆಯ ಹೂ ಯಾವುದು, ವಿಷದ ಕಳೆ ಯಾವುದು ಎಂದು ಗುರುತಿಸಲು ಆರು ಮಾನದಂಡಗಳಿದ್ದವು. ಸಮಾಜವಾದದ ಹಾದಿ ಮತ್ತು ಪಕ್ಷದ ನಾಯಕತ್ವವನ್ನು ಒಪ್ಪುವುದು ಅವುಗಳಲ್ಲಿ ಮುಖ್ಯ. ಫೆಬ್ರುವರಿಯಲ್ಲಿ ಕೇಳಿದವರಿಗೆ ಈ ಆರರ ಸುಳಿವೇ ಇರಲಿಲ್ಲ. ಆಟ ಮುಗಿದ ಮೇಲೆ ನಿಯಮ ಬರೆದಂತಾಯಿತು. ಮೂಲ ಭಾಷಣದ ಪಾಠ ಅಚ್ಚಾಗಲು 1989 ಬರಬೇಕಾಯಿತು: ರೆಡ್ ಗಾರ್ಡ್‌ಗಳು ಸಂಗ್ರಹಿಸಿದ್ದ ಮಾವೋ ಮಾತುಗಳ ಸಂಪುಟಗಳು ಹೊರದೇಶಕ್ಕೆ ದಾಟಿ ಬಂದಿದ್ದವು, ಮ್ಯಾಕ್‌ಫಾರ್ಕರ್, ತಿಮೊಥಿ ಚೀಕ್ ಮತ್ತು ಹಾರ್ವರ್ಡ್-ಯೆಂಚಿಂಗ್ ಗ್ರಂಥಾಲಯದ ಯೂಜೀನ್ ವೂ ಅಂಥ ಭಾಷಣಗಳನ್ನು ಸಂಪಾದಿಸಿ ತಂದರು. 1950ರಿಂದ 52ರವರೆಗೆ ಏಳು ಲಕ್ಷ ‘ಪ್ರತಿಕ್ರಾಂತಿಕಾರಿ’ಗಳನ್ನು ಕೊಂದೆವು ಎಂಬ ಮಾವೋ ಬಾಯಿಯ ಲೆಕ್ಕ ಅದರಲ್ಲಿತ್ತು. ಜೂನ್ ಪಾಠದಲ್ಲಿ ಆ ಸಾಲು ಮಾಯ.

ಎರಡು ಪಾಠವನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸುವುದು ಹಳಗನ್ನಡ ಕಾವ್ಯದ ಪಾಠಾಂತರ ನೋಡಿದವರಿಗೆ ಹೊಸದಲ್ಲ. ವ್ಯತ್ಯಾಸ ಒಂದೇ: ಲಿಪಿಕಾರ ಕಣ್ತಪ್ಪಿ ಬಿಡುತ್ತಾನೆ, ಇಲ್ಲಿ ಕಣ್ಣಿಟ್ಟೇ ಬಿಟ್ಟಿರುತ್ತಾರೆ. ದಾಖಲೆಯ ಮೇಲಿನ ತಾರೀಕನ್ನು ನಂಬಬಾರದು ಎಂಬ ಪಾಠವೂ ಇಲ್ಲಿಂದಲೇ. ಭಾಷಣ ಮಾಡಿದ ದಿನ, ತಿದ್ದಿದ ದಿನ, ಅಚ್ಚಾದ ದಿನ ಮೂರೂ ಬೇರೆ. ‘ಫೆಬ್ರುವರಿ 27ರ ಭಾಷಣ’ ಎಂದು ಜೂನಿನ ಪಾಠವನ್ನು ಉದ್ಧರಿಸಿದರೆ, ಮಾವೋ ಮೊದಲೇ ಎಚ್ಚರಿಸಿದ್ದರು ಎಂಬ ತೀರ್ಮಾನ ತಾನಾಗಿ ಹೊರಟುಬಿಡುತ್ತದೆ. ಅದು ತಪ್ಪು.

ಇನ್ನು ಪೀಪಲ್ಸ್ ಡೈಲಿಯ ಆ ಮೌನ. ಮಾವೋ ಅವರ ಹೊಸ ಧೋರಣೆ ಮೇಲಿನವರಲ್ಲೇ ಕೆಲವರಿಗೆ ಹಿಡಿಸಿರಲಿಲ್ಲ, ಅದಕ್ಕೇ ಪತ್ರಿಕೆ ಸುಮ್ಮನಿತ್ತು ಎಂಬುದು ಒಂದು ಓದು. ಅನುಮತಿ ಬರುವ ಮುಂಚೆ ಇಂಥ ಸಭೆಯ ಮಾತನ್ನು ಪ್ರಚಾರ ಮಾಡಬಾರದೆಂಬ ಶಿಸ್ತನ್ನು ಸಂಪಾದಕರು ಪಾಲಿಸಿದರು, ಅಷ್ಟೇ ಎಂಬುದು ಇನ್ನೊಂದು. ಮೊದಲನೆಯದು ರೋಚಕ, ಎರಡನೆಯದು ನೀರಸ. ಮೌನಕ್ಕೆ ಅರ್ಥ ಹಚ್ಚುವಾಗ ನೀರಸ ಕಾರಣವನ್ನು ಮೊದಲು ಪರೀಕ್ಷಿಸುವುದು ಲೇಸು ಎಂಬುದು ನಮ್ಮ ಅಭಿಪ್ರಾಯ.

ಮೂರು ಸಂಪುಟ, ಇಪ್ಪತ್ತಮೂರು ವರ್ಷ

ಮ್ಯಾಕ್‌ಫಾರ್ಕರ್ ಹಿಡಿದ ಪ್ರಶ್ನೆ ಇದು: ತಾನೇ ಕಟ್ಟಿದ ಪಕ್ಷವನ್ನು ಮಾವೋ 1966ರಲ್ಲಿ ತಾನೇ ಒಡೆಯಲು ಹೊರಟದ್ದೇಕೆ? ಉತ್ತರವನ್ನು 1966ರಲ್ಲಿ ಹುಡುಕಿದರೆ ಸಾಲದು, ಹತ್ತು ವರ್ಷ ಹಿಂದಕ್ಕೆ ಹೋಗಬೇಕು ಎಂದು ಅವರು ‘ಸಾಂಸ್ಕೃತಿಕ ಕ್ರಾಂತಿಯ ಮೂಲಗಳು’ ಎಂಬ ಕೃತಿಗೆ ಕೈಹಾಕಿದರು. 1956–57ನ್ನು ಕುರಿತ ಮೊದಲ ಸಂಪುಟ ಬಂದದ್ದು 1974ರಲ್ಲಿ. ಉತ್ಪಾದನೆಯನ್ನು ಒಮ್ಮೆಲೇ ಏರಿಸಲು ಮಾವೋ ಹೂಡಿದ 1958–60ರ ‘ಮಹಾ ಜಿಗಿತ’ವನ್ನು ಕುರಿತ ಎರಡನೆಯದು 1983ರಲ್ಲಿ. 1961–66ರ ಮೂರನೆಯದು 1997ರಲ್ಲಿ.

ನಡುವೆ ಒಂದು ವಿಚಿತ್ರ ಅಧ್ಯಾಯ. ಮೊದಲ ಸಂಪುಟ ಬಂದ ವರ್ಷವೇ, ಫೆಬ್ರುವರಿ ಚುನಾವಣೆಯಲ್ಲಿ, ಅವರು ಡರ್ಬಿಶೈರಿನ ಬೆಲ್ಪರ್ ಕ್ಷೇತ್ರದಿಂದ ಲೇಬರ್ ಪಕ್ಷದ ಸಂಸದರಾದರು. ಅದಕ್ಕೂ ಮುಂಚೆ ಬೇರೆ ಕ್ಷೇತ್ರಗಳಲ್ಲಿ ನಿಂತು ಸೋತಿದ್ದರು. 1979ರಲ್ಲಿ ಥ್ಯಾಚರ್ ಅಲೆಯಲ್ಲಿ ಸ್ಥಾನ ಹೋಯಿತು. ಚೀನಾದ ಪಾಲಿಟ್‌ಬ್ಯುರೊ ಬಗ್ಗೆ ಬರೆಯುವವರಲ್ಲಿ ಪಕ್ಷದ ಸಭೆಯ ಬೆಂಚಿನ ಮೇಲೆ ತಾವೇ ಕೂತು, ಯಾರು ಯಾರ ಬೆನ್ನಿಗಿದ್ದಾರೆ ಎಂದು ಲೆಕ್ಕಹಾಕಿದವರು ತೀರ ಅಪರೂಪ. ಅವರ ಪುಟಗಳಲ್ಲಿ ಸಿದ್ಧಾಂತಕ್ಕಿಂತ ಮನುಷ್ಯರ ಹಟ, ಅಂಜಿಕೆ, ಸಮಯಸಾಧಕತನ ಎದ್ದು ಕಾಣುವುದಕ್ಕೆ ಈ ಐದು ವರ್ಷಗಳೂ ಒಂದು ಕಾರಣ ಇರಬಹುದು. 1984ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರಾದರು, ಗುರುವಿನ ಹೆಸರಿನ ಫೇರ್‌ಬ್ಯಾಂಕ್ ಕೇಂದ್ರಕ್ಕೆ ಎರಡು ಅವಧಿಗೆ ನಿರ್ದೇಶಕರೂ ಆದರು. ಸಾಂಸ್ಕೃತಿಕ ಕ್ರಾಂತಿ ಕುರಿತ ಅವರ ಪಾಠಕ್ಕೆ ನೂರಾರು ವಿದ್ಯಾರ್ಥಿಗಳು ನೆರೆಯುತ್ತಿದ್ದರು.

ಈಗ ಕಾಗದದ ವಿಷಯ. ಮೊದಲ ಸಂಪುಟದ ಕಾಲಕ್ಕೆ ಹೊಸದಾಗಿ ಸಿಕ್ಕಿದ್ದು ರೆಡ್ ಗಾರ್ಡ್ ಪತ್ರಿಕೆಗಳು. 1966–68ರಲ್ಲಿ ಈ ಗುಂಪುಗಳು ಪಕ್ಷದ ಕಚೇರಿಗಳಿಗೆ ನುಗ್ಗಿ ಗುಪ್ತ ಕಡತಗಳನ್ನು ಹೊರಗೆಳೆದು ತಮ್ಮ ಕರಪತ್ರಗಳಲ್ಲಿ ಹಾಕಿದವು. ವಿದ್ವಾಂಸರಿಗೆ ಹಬ್ಬ. ಆದರೆ ಹಾಕಿದ ಉದ್ದೇಶ ಲಿಯು ಮತ್ತು ಡೆಂಗ್ ಶಿಯಾವೊಪಿಂಗ್ ಅವರನ್ನು ಬಲಿಹಾಕುವುದು. ಹದಿನೈದು ವರ್ಷದಲ್ಲಿ ಲಿಯು ಆಡಿದ ಸಾವಿರ ಮಾತುಗಳಿಂದ ಮಾವೋಗೆ ಎದುರಾಗಿ ಕಾಣುವ ನಲವತ್ತನ್ನು ಕಿತ್ತು ಸಾಲಾಗಿ ಜೋಡಿಸಿದರೆ, ಆತ ಮೊದಲಿಂದಲೂ ಸಂಚುಗಾರ ಎಂದೇ ಕಾಣುತ್ತದೆ. ಉದ್ಧರಣೆ ಖೋಟಾ ಇರಬೇಕಿಲ್ಲ, ಆಯ್ಕೆಯೇ ಸುಳ್ಳು ಹೇಳುತ್ತದೆ. ಮಾವೋ ಒಂದು ಹಾದಿ, ಲಿಯು ಇನ್ನೊಂದು ಹಾದಿ ಎಂಬ ‘ಎರಡು ಹಾದಿಗಳ ಹೋರಾಟ’ದ ಅಧಿಕೃತ ಕಥೆ ಹುಟ್ಟಿದ್ದು ಹೀಗೆ, ಪಶ್ಚಿಮದ ಎಷ್ಟೋ ಪುಸ್ತಕಗಳಿಗೆ ಸದ್ದಿಲ್ಲದೆ ನುಸುಳಿದ್ದೂ ಹೀಗೆ. ಮ್ಯಾಕ್‌ಫಾರ್ಕರ್ ಈ ಕಥೆಯನ್ನು ಪ್ರಶ್ನಿಸಿದರು: 1956–57ರಲ್ಲಿ ಯಾರು ಯಾವ ಕಡೆ ಎಂಬುದು ವಿಷಯಕ್ಕೊಂದು ಬಗೆ. ಇನ್ನೊಬ್ಬ ಚೀನಾ ತಜ್ಞ ಫ್ರೆಡರಿಕ್ ಟೀವ್ಸ್ ಇನ್ನೂ ಮುಂದೆ ಹೋಗಿ, ಮಾವೋ ಎದುರು ನಿಜವಾದ ಬಣವೆಂಬುದೇ ಇರಲಿಲ್ಲ, ಉಳಿದವರೆಲ್ಲ ಅವರ ಮನಸ್ಸನ್ನು ಊಹಿಸುತ್ತ ಬದುಕಿದ ಆಸ್ಥಾನಿಕರು ಎಂದು ವಾದಿಸಿದರು. ಆ ಜಗಳ ಇನ್ನೂ ಪೂರ್ತಿ ತೀರಿಲ್ಲ. ಮುಂದೆ ಹೊರಬಂದ ದಾಖಲೆಗಳು ಟೀವ್ಸ್ ಕಡೆಗೇ ಹೆಚ್ಚು ವಾಲಿವೆ ಎನ್ನಿಸುತ್ತದೆ.

ಎರಡನೇ ಸಂಪುಟದ ಗಂಟು ಅಂಕಿಸಂಖ್ಯೆಗಳದ್ದು. 1958ರ ಧಾನ್ಯದ ಬೆಳೆ 37.5 ಕೋಟಿ ಟನ್ ಎಂದು ಚೀನಾ ಘೋಷಿಸಿತು. 1959ರ ಆಗಸ್ಟಿನಲ್ಲಿ ಅದನ್ನು 25 ಕೋಟಿಗೆ ಇಳಿಸಿತು. ಕೊನೆಗೆ ನಿಂತದ್ದು 20 ಕೋಟಿಯ ಸುಮಾರಿಗೆ. ಹಳ್ಳಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಸಾಮೂಹಿಕ ಬೇಸಾಯದ ಘಟಕ ಕಮ್ಯೂನ್ ಉಬ್ಬಿಸಿ ಹೇಳಿತು, ಪಕ್ಕದ ಕಮ್ಯೂನಿಗಿಂತ ಕಡಿಮೆ ಹೇಳಿದರೆ ತಲೆದಂಡ ಎಂದು, ಜಿಲ್ಲೆ ಅದಕ್ಕೆ ಇನ್ನಷ್ಟು ಸೇರಿಸಿತು, ಪ್ರಾಂತ ಮತ್ತಷ್ಟು. ಸುಳ್ಳು ಕಾಗದದ ಮೇಲಷ್ಟೇ ಉಳಿದಿದ್ದರೆ ಯಾರೂ ಸಾಯುತ್ತಿರಲಿಲ್ಲ. ಸರ್ಕಾರ ಲೆವಿ ಎತ್ತಿದ್ದು ಆ ಕಾಗದದ ಲೆಕ್ಕದಲ್ಲಿ. ಲೆಕ್ಕಕ್ಕೆಂದು ನಾಲ್ಕನೇ ಒಂದು ಪಾಲು ಎತ್ತಿದರು ಎಂದಿಟ್ಟುಕೊಳ್ಳಿ: 37.5 ಕೋಟಿಯ ಕಾಲುಭಾಗ 9.4 ಕೋಟಿ ಟನ್, ಅದು ನಿಜವಾಗಿ ಬೆಳೆದ 20 ಕೋಟಿಯಲ್ಲಿ ಹೆಚ್ಚು ಕಡಿಮೆ ಅರ್ಧ. ಹೀಗೆ ಬಂದೆರಗಿದ ಕ್ಷಾಮದಲ್ಲಿ ಸತ್ತವರ ಅಂದಾಜು ಸುಮಾರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಹರಡಿಕೊಂಡಿದೆ. ಅಂತರ ಇಷ್ಟಿರುವುದಕ್ಕೆ ಕಾರಣ, ಕ್ಷಾಮವಿಲ್ಲದಿದ್ದರೆ ಎಷ್ಟು ಜನ ಸಾಯುತ್ತಿದ್ದರು ಎಂಬ ಮೂಲ ಲೆಕ್ಕವನ್ನೇ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹಿಡಿಯುವುದು.

ಇಂಥ ದಾಖಲೆ ಓದುವಾಗ ಅಳತೆಗಳೂ ಕೈಕೊಡುತ್ತವೆ. ಚೀನೀಯರ ‘ಜಿನ್’ ಅರ್ಧ ಕಿಲೊ, ‘ಮು’ ಎಂದರೆ ಹೆಕ್ಟೇರಿನ ಹದಿನೈದನೇ ಒಂದು ಪಾಲು, ನಮ್ಮ ಲೆಕ್ಕದಲ್ಲಿ ಆರೂವರೆ ಗುಂಟೆಗಿಂತ ತುಸು ಹೆಚ್ಚು. ದೊಡ್ಡ ಸಂಖ್ಯೆಗಳನ್ನು ಅವರು ಎಣಿಸುವುದು ‘ವಾನ್’ ಅಂದರೆ ಹತ್ತು ಸಾವಿರ, ‘ಯಿ’ ಅಂದರೆ ಹತ್ತು ಕೋಟಿ ಎಂದು. ಇಂಗ್ಲಿಷಿನ ಮಿಲಿಯನ್ನಿಗೆ ತಿರುಗಿಸುವಾಗ ಸೊನ್ನೆ ತಪ್ಪುವುದು ಸರ್ವೇಸಾಮಾನ್ಯ. ಲಕ್ಷ, ಕೋಟಿಯಲ್ಲಿ ಎಣಿಸುವ ನಮಗೆ ಈ ಪರಿವರ್ತನೆ ನಿಜಕ್ಕೂ ಸುಲಭ: ಹತ್ತು ವಾನ್ ಒಂದು ಲಕ್ಷ.

ಮೂರನೇ ಸಂಪುಟದ ಹೊತ್ತಿಗೆ ಕಾಗದದ ಪ್ರವಾಹ. 1978ರ ನಂತರ ಪುನರ್ವಸತಿಯಾದ ಹಳೆಯ ನಾಯಕರು, ಅವರ ಕಾರ್ಯದರ್ಶಿಗಳು, ಅಂಗರಕ್ಷಕರು ನೆನಪುಗಳನ್ನು ಬರೆದರು. ‘ನಿಯಾನ್‌ಪು’ ಎಂಬ ದಿನವಹಿ ಜೀವನವೃತ್ತಾಂತಗಳು ಬಂದವು. ನಾಯಕ ಯಾವ ದಿನ ಯಾವ ಊರಲ್ಲಿದ್ದ, ಯಾರನ್ನು ಕಂಡ ಎಂಬ ಪಟ್ಟಿ ಅವುಗಳಲ್ಲಿದೆ. ಇವುಗಳಿಂದ 1962ರ ಜನವರಿ–ಫೆಬ್ರುವರಿಯ ಏಳು ಸಾವಿರ ಕಾರ್ಯಕರ್ತರ ಸಮ್ಮೇಳನದ ಚಿತ್ರ ನಿಚ್ಚಳವಾಯಿತು. ಮೂರು ಪಾಲು ಪ್ರಕೃತಿ, ಏಳು ಪಾಲು ಮನುಷ್ಯ ಮಾಡಿದ ಅನಾಹುತ ಎಂದು ಹಳ್ಳಿಗರ ಮಾತನ್ನು ಲಿಯು ಎತ್ತಿ ಹೇಳಿದ್ದು ಅಲ್ಲಿ. ಇಂಥ ಪುಸ್ತಕಗಳ ದೋಷವೂ ಗೊತ್ತಿರಬೇಕು. ನಿಯಾನ್‌ಪು ಬರೆಸುವುದು ಪಕ್ಷದ್ದೇ ಸಂಸ್ಥೆ. ಅದರಲ್ಲಿರುವುದು ಬಹುಮಟ್ಟಿಗೆ ನಿಜ, ಇಲ್ಲದ್ದರಲ್ಲೇ ವಿಷಯ.

1962 ಎಂದೊಡನೆ ನಮಗೆ ನೆನಪಾಗುವ ಯುದ್ಧವೂ ಈ ಸಂಪುಟದ ಕಾಲಾವಧಿಯೊಳಗಿದೆ. ಸೆಪ್ಟೆಂಬರ್ ಕೊನೆಯಲ್ಲಿ ಮಾವೋ ಕೇಂದ್ರ ಸಮಿತಿಯಲ್ಲಿ ‘ವರ್ಗಹೋರಾಟವನ್ನು ಎಂದೂ ಮರೆಯಬೇಡಿ’ ಎಂದು ಹಿಡಿತವನ್ನು ಮರಳಿ ಬಿಗಿಗೊಳಿಸಿದರು. ಅಕ್ಟೋಬರ್ 20ರಂದು ಹಿಮಾಲಯದಲ್ಲಿ ದಾಳಿ ನಡೆಯಿತು. ದೆಹಲಿಯಿಂದ ನೋಡಿದರೆ ಅದು ಗಡಿಯ ಕಥೆ, ನೆಹರೂ ಕಥೆ. ಬೀಜಿಂಗಿನಿಂದ ನೋಡಿದರೆ ಕ್ಷಾಮ, ಟಿಬೆಟ್, ಸೋವಿಯತ್ ಮುನಿಸು, ಮಾವೋ ಮರಳಿ ಏರಿದ್ದು ಎಲ್ಲ ಒಂದೇ ಹಗ್ಗದ ಎಳೆಗಳು. ಚೀನಾ ದಾಖಲೆ ಬಿಡುವುದಿಲ್ಲ ಎಂದು ದೂರುವ ಮುನ್ನ ಒಂದು ಮಾತು: ಆ ಯುದ್ಧದ ಸೋಲಿನ ಬಗ್ಗೆ 1963ರಲ್ಲಿ ತಯಾರಾದ ನಮ್ಮ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ನಮ್ಮ ಸರ್ಕಾರಗಳೂ ಅಧಿಕೃತವಾಗಿ ಹೊರಬಿಟ್ಟಿಲ್ಲ.

ರದ್ದಿಪೇಟೆಯ ಕಡತ

2006ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷಗಳನ್ನೇ ಕುರಿತ ದೊಡ್ಡ ಪುಸ್ತಕವನ್ನು ಮ್ಯಾಕ್‌ಫಾರ್ಕರ್ ಸ್ವೀಡನ್ನಿನ ಮೈಕೆಲ್ ಶೋನ್‌ಹಾಲ್ಸ್ ಜೊತೆ ಸೇರಿ ತಂದರು. ಶೋನ್‌ಹಾಲ್ಸ್ ತಮ್ಮ ವಿಧಾನಕ್ಕೆ ತಮಾಷೆಯಾಗಿ ‘ಕಸಶಾಸ್ತ್ರ’ ಎಂಬರ್ಥದ ಹೆಸರಿಟ್ಟಿದ್ದಾರೆ. ಚೀನಾದ ಕಚೇರಿಗಳು ಜಾಗ ಸಾಲದೆ ಹಳೆಯ ಕಡತಗಳನ್ನು ರದ್ದಿಗೆ ಹಾಕುತ್ತವೆ. ಅವು ಬೀಜಿಂಗಿನ ಪಾನ್‌ಜಿಯಾಯುವಾನ್‌ನಂಥ ಹಳೆ ಸಾಮಾನಿನ ಸಂತೆಗೆ ಬರುತ್ತವೆ. ಕಾರ್ಖಾನೆಯ ವಿಚಾರಣಾ ಪತ್ರ, ಯಾರದೋ ತಪ್ಪೊಪ್ಪಿಗೆ, ಸಭೆಯಲ್ಲಿ ಗೀಚಿಕೊಂಡ ಟಿಪ್ಪಣಿ. ಪತ್ರಾಗಾರದ ಅಧಿಕಾರಿ ಮುಟ್ಟಿ ನೋಡದ ಕಾರಣ ಯಾರೂ ಇದನ್ನು ತಿದ್ದಿಲ್ಲ. ಆದರೆ ಎಲ್ಲಿಂದ ಬಂತು, ಜೊತೆಯ ಕಾಗದಗಳೇನು ಎಂಬುದು ತಿಳಿಯದು. ಬೆಲೆ ಏರಿದ ಮೇಲೆ ನಕಲಿ ಮಾಲೂ ಬರುತ್ತದೆ. ಅದಕ್ಕೇ ಸಂತೆಯ ಕಾಗದವನ್ನು ಇನ್ನೊಂದು ಸ್ವತಂತ್ರ ಮೂಲದ ಜೊತೆ ತಾಳೆ ನೋಡದೆ ಬಳಸಬಾರದು.

ಇದಕ್ಕೆ ಪೂರ್ತಿ ಎದುರು ದಿಕ್ಕಿನ ಕೆಲಸವೂ ನಡೆದಿದೆ. ಸಮಾಜಶಾಸ್ತ್ರಜ್ಞ ಆಂಡ್ರೂ ವಾಲ್ಡರ್ 2,213 ಸ್ಥಳೀಯ ಗೆಜೆಟಿಯರ್‌ಗಳಿಂದ ಮಾಹಿತಿ ಹೆಕ್ಕಿ, ಸಾಂಸ್ಕೃತಿಕ ಕ್ರಾಂತಿಯ ಹಿಂಸೆಗೆ 1966–71ರ ನಡುವೆ 11ರಿಂದ 16 ಲಕ್ಷ ಜನ ಸತ್ತಿರಬೇಕು ಎಂದು ಅಂದಾಜಿಸಿದರು. ಸತ್ತವರಲ್ಲಿ ಬಹುಪಾಲು ರೆಡ್ ಗಾರ್ಡ್ ದಾಂಧಲೆಗಲ್ಲ, ಸೈನ್ಯ ಮತ್ತು ಸರ್ಕಾರ ಶಿಸ್ತು ಮರುಸ್ಥಾಪಿಸಲು ಹೊರಟಾಗ ಬಲಿಯಾದವರು ಎಂಬುದು ಆ ಲೆಕ್ಕದ ಮುಖ್ಯ ಫಲ. ಮೇಲಿನ ಹತ್ತು ಜನರ ಹೆಸರಿನ ಕ್ರಮವನ್ನು ಎಷ್ಟು ದಿಟ್ಟಿಸಿದರೂ ಇದು ಕಾಣುತ್ತಿರಲಿಲ್ಲ. ಮ್ಯಾಕ್‌ಫಾರ್ಕರ್ ಮಾದರಿಯ ಬರವಣಿಗೆಗೆ ಇರುವ ದೊಡ್ಡ ಮಿತಿ ಇದೇ.

ಈ ಕಸುಬಿಗೆ ಇಳಿಯುವವರಿಗೆ ಎಷ್ಟು ವರ್ಷ ಬೇಕು? ಅಮೆರಿಕದ ವಿದೇಶಾಂಗ ತರಬೇತಿ ಸಂಸ್ಥೆ ಮ್ಯಾಂಡರಿನ್‌ಗೆ ಇಟ್ಟಿರುವ ಅವಧಿ 88 ವಾರ, 2,200 ತರಗತಿ ಗಂಟೆ. ಪತ್ರಿಕೆ ಓದಲು ಮೂರು ಮೂರೂವರೆ ಸಾವಿರ ಅಕ್ಷರ ಕಣ್ಣಿಗೆ ಹತ್ತಬೇಕು. ಅದರ ಮೇಲೆ ಕೈಬರಹ, ಹಳೆಯ ಲಿಪಿ, ಹೆಸರುಗಳ ಎರಡು ಕಾಗುಣಿತ. ಚೀನೀ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ಚೀನಾ 1979ರಿಂದ ತನ್ನ ವಿದೇಶೀ ಭಾಷೆಯ ಪ್ರಕಟಣೆಗಳಲ್ಲಿ ಜಾರಿಗೆ ತಂದಿತು. ನಮ್ಮ ಹಳೆಯ ಕನ್ನಡ ಪತ್ರಿಕೆಗಳ ಮಾವೋ ತ್ಸೆ ತುಂಗ್, ಚೌ ಎನ್ ಲೈ, ಪೀಕಿಂಗ್ ಎಲ್ಲ ಅದಕ್ಕೂ ಹಿಂದಿನ ಪದ್ಧತಿಯವು. ಗ್ರಂಥಾಲಯದಲ್ಲಿ ಹುಡುಕುವಾಗ ಒಂದೇ ಮನುಷ್ಯನನ್ನು ಎರಡು ಹೆಸರಿನಲ್ಲಿ ಹುಡುಕಬೇಕು.

ಕಾಗದ ಈಗ ಮತ್ತೆ ಬತ್ತುತ್ತಿದೆ. ಚೀನಾದ ವಿದೇಶಾಂಗ ಸಚಿವಾಲಯದ ಪತ್ರಾಗಾರ 2004ರಿಂದ ತೆರೆದಿತ್ತು, 2013ರ ಹೊತ್ತಿಗೆ ಬಹುಪಾಲು ಮುಚ್ಚಿಕೊಂಡಿತು. 2021ರಲ್ಲಿ ಜಾರಿಗೆ ಬಂದ ಪರಿಷ್ಕೃತ ಪತ್ರಾಗಾರ ಕಾನೂನು 30 ವರ್ಷದ ಕಾಯುವಿಕೆಯನ್ನು 25ಕ್ಕೆ ಇಳಿಸಿದೆ. ಕಾನೂನು ಸಡಿಲ, ಕಪಾಟಿನ ಬೀಗ ಬಿಗಿ. 2023ರ ಏಪ್ರಿಲಿನಿಂದ ಸಿಎನ್‌ಕೆಐ ಎಂಬ ಬೃಹತ್ ವಿದ್ವತ್ ಜಾಲತಾಣದ ಕೆಲವು ಭಾಗಗಳು ಹೊರದೇಶದವರಿಗೆ ಸಿಗುತ್ತಿಲ್ಲ. ಮ್ಯಾಕ್‌ಫಾರ್ಕರ್ 2019ರ ಫೆಬ್ರುವರಿ 10ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು 1955ರಲ್ಲಿ ಶುರುಮಾಡಿದ ಜಾಗಕ್ಕೇ ಈಗಿನವರು ಬಂದು ನಿಂತಿದ್ದಾರೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಮನೋಜ್ ಕೇವಲ್‌ರಮಾನಿ ಪೀಪಲ್ಸ್ ಡೈಲಿಯನ್ನು ಓದಿ ಟಿಪ್ಪಣಿ ಬರೆದು ಆನ್‌ಲೈನಿನಲ್ಲಿ ಹಂಚುತ್ತಾರೆ: ಮುಖಪುಟದಲ್ಲಿ ಯಾರಿದ್ದಾರೆ, ಯಾವ ನುಡಿಗಟ್ಟು ಹೊಸದು, ನಿನ್ನೆ ಇದ್ದ ಯಾವ ಪದ ಇಂದು ಇಲ್ಲ.